ಮೂವತ್ತೊಂಬತ್ತನೆಯ ಕೂಸು

ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ದ್ಯಾಮವ್ವನ ಕೆಲಸ ನೋವು ನೋಡುವುದು. ಆಸ್ಪತ್ರೆಯವರು ಇದಕ್ಕೆಂದೇ ಕೊಟ್ಟಿದ್ದ ಪಟ್ಟಿಯ ಒಂದು ತುದಿಯನ್ನು ಮಗುವಿನ ಕೈಗೆ, ಇನ್ನೊಂದನ್ನು ತನ್ನ ಕೈಗೆ ಕಟ್ಟಿಕೊಂಡರೆ ಮಗುವಿನ ಮೈಯಲ್ಲಿ ಆಗುವುದೆಲ್ಲ ಅವಳ ಮೈಯಲ್ಲೂ ಆಗುತ್ತಿತ್ತು. ಏನಾದರೂ ಸಿಕ್ಕರೆ ಡಾಕ್ಟರಿಗೆ ಚೀಟಿ, ಇಲ್ಲವಾದರೆ ಮನೆಗೆ. ಬೆಳಗಿನಿಂದ ಮೂವತ್ತೆಂಟು ಮಕ್ಕಳ ಕಿವಿನೋವು, ಹೊಟ್ಟೆನುಲಿತ, ಹಲ್ಲು ಹುಟ್ಟುವ ಸಂಕಟ ಎಲ್ಲವನ್ನೂ ಉಂಡು ಅವಳು ಹಣ್ಣಾಗಿದ್ದಳು.

ಕಸ್ತೂರಿ ಎಂಬ ತಾಯಿ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. "ನೆಗಡಿ ಬಂದು ಹೋತ್ರೀ ಯಕ್ಕಾ. ಈಗ ಆಟಾನೂ ಒಲ್ಲೆ ಅಂತಾಳ, ಬರೇ ಮಲಗತಾಳ."

ದ್ಯಾಮವ್ವ ಪಟ್ಟಿ ಕಟ್ಟಿ ಕಣ್ಣು ಮುಚ್ಚಿದಳು. ಎಲ್ಲೂ ನೋವಿಲ್ಲ. ಕೈಕಾಲು ಸೋತಿದ್ದವು, ಎದೆ ಭಾರವಾಗಿತ್ತು, ಉಸಿರೆಳೆಯುವುದೂ ಬೇಡವೆನಿಸುತ್ತಿತ್ತು. ಈ ಹೊತ್ತಿಗೆ ತನಗೆ ಇದು ದಿನಾ ಇದ್ದದ್ದೇ ಅಂದುಕೊಂಡಳು.

"ಏನೂ ಇಲ್ಲವ್ವಾ. ಮನಿಗೆ ಕರಕೊಂಡು ಹೋಗು, ಗಂಜಿ ಕುಡಸು" ಎಂದು ಪಟ್ಟಿ ಬಿಚ್ಚಿದಳು.

ಕಸ್ತೂರಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಮುಂದಿನವರನ್ನು ಕರೆಯಲೆಂದು ದ್ಯಾಮವ್ವ ಎದ್ದಳು. ಯಾಕೋ ಎದೆ ಹಗುರಾಗಿತ್ತು, ಉಸಿರು ಸಲೀಸಾಗಿ ಆಡುತ್ತಿತ್ತು. ಒಂದು ಗಳಿಗೆ ಹಾಯೆನಿಸಿತು. ಮರುಗಳಿಗೆ ಬಿಚ್ಚಿಟ್ಟ ಪಟ್ಟಿಯತ್ತ ನೋಡಿದವಳೇ ಹೊರಗೆ ಓಡಿದಳು.

"ತಂಗೀ, ನಿಲ್ಲು! ಕೂಸಿನ ಎದಿ ಸೋತೈತಿ, ಡಾಕ್ಟರ ಕಡೆ ನಡಿ!"

ವರಾಂಡದ ಕೊನೆಯವರೆಗೆ ಓಡಿದರೂ ಅವಳಿಗೆ ಏದುಸಿರು ಬರಲಿಲ್ಲ. ಅವಳ ಸ್ವಂತ ದಣಿವು ಇದ್ದದ್ದು ಮೊಣಕಾಲಲ್ಲಿ ಮಾತ್ರ. ಉಳಿದದ್ದೆಲ್ಲ ಆ ನಾಲ್ಕು ವರ್ಷದ ಕೂಸಿನದು.