ಸ್ತಬ್ಧಚಿತ್ರದ ರಾಣಿ

“ಜಲಜಕ್ಕಾ, ಗುಡ್ಡಕ್ಕೆ ನೀರು ಬರದೆ ವಾರ ಆಯ್ತು!” ಪಂಪ್‌ವೆಲ್ ವೃತ್ತದಲ್ಲಿ ಲಾರಿಯ ಪಕ್ಕದಲ್ಲೇ ಓಡೋಡಿ ಬರುತ್ತಿದ್ದ ಗುಡ್ಡದ ಮನೆಯ ಬಾಗಿಯ ಕೂಗು ಜಲಜಾಕ್ಷಿಗೆ ಚೆನ್ನಾಗಿಯೇ ಕೇಳಿಸಿತು. ಆದರೆ ಮೆರವಣಿಗೆಯ ಲಾರಿ ಹತ್ತಿದ ಜಲಜಾಕ್ಷಿ ಈಗ ಉಳ್ಳಾಲದ ರಾಣಿ ಅಬ್ಬಕ್ಕ. ತಲೆಗೆ ರಟ್ಟಿನ ಕಿರೀಟ, ಎತ್ತಿದ ಕೈಯಲ್ಲಿ ಬಲ್ಬು ಉರಿಯುವ ದೊಂದಿ. ಸ್ತಬ್ಧಚಿತ್ರದಲ್ಲಿ ನಿಂತವರು ಅಲುಗಾಡಿದರೆ, ಬಾಯಿಬಿಟ್ಟರೆ ಬಹುಮಾನ ಹೋಯಿತೆಂದೇ ಲೆಕ್ಕ. ಅವಳ ಪಾಲಿನ ಗುಡುಗನ್ನೆಲ್ಲ ಮೈಕಿನವನೇ ಗುಡುಗುತ್ತಿದ್ದ, ಯಕ್ಷಗಾನದ ಅರ್ಥಧಾರಿಯ ಗಂಟಲನ್ನು ಕಡ ತಂದವನಂತೆ: “ಪೋರ್ಚುಗೀಸರ ಎದೆ ನಡುಗಿಸಿದ ಹೆಣ್ಣು! ತನ್ನ ನಾಡನ್ನು ತಾನೇ ಆಳಿದ ಹೆಣ್ಣು!”

“ರಾಣಿ ಮಾತಾಡ್ಲಿಕ್ಕಿಲ್ಲ ಮಾರಾಯ್ತಿ, ನನ್ನ ಹತ್ರ ಹೇಳು. ನಾಳೆಯೇ ಸರಿ ಮಾಡಿಸ್ತೇನೆ,” ಎಂದು ಲಾರಿಯ ಮುಂದೆ ನಡೆಯುತ್ತಿದ್ದ ಗಂಡ ಚಿತ್ತರಂಜನ ನಕ್ಕ. ಮಹಿಳಾ ಮೀಸಲಾತಿಯಲ್ಲಿ ಗೆದ್ದು ವಾರ್ಡಿನ ಕಾರ್ಪೊರೇಟರ್ ಆದವಳು ಜಲಜಾಕ್ಷಿ. ಗೆದ್ದಂದಿನಿಂದ ಅವಳ ಫೋನು ಎತ್ತುವವನು ಅವನು. ಇವತ್ತಾದರೂ ಉತ್ತರ ತನ್ನ ಬಾಯಿಂದಲೇ ಹೋಗಬೇಕು ಅನ್ನಿಸಿತು ಅವಳಿಗೆ. ಬಹುಮಾನ ಹಾಳಾಗಿ ಹೋಗಲಿ! ದೊಂದಿ ಇಳಿಸಿ, ಲಾರಿಯ ಅಂಚಿಗೆ ಬಂದು ಬಗ್ಗಿದಳು. “ಬಾಗೀ, ನಾಳೆ ಬೆಳಿಗ್ಗೆ ನಾನೇ ಬರ್ತೇನೆ. ಪೈಪ್ ನೋಡುವವರನ್ನೂ ಕರ್ಕೊಂಡೇ ಬರ್ತೇನೆ.”

ಬಾಗಿ ಕಿರೀಟದತ್ತ ಕಣ್ಣೆತ್ತಿ, ಮಗುವನ್ನು ಸಮಾಧಾನ ಮಾಡುವವಳಂತೆ ನಕ್ಕಳು.

“ನಿಮಗೆ ಎಂತಕ್ಕೆ ಅಕ್ಕ ಆ ತಲೆಬಿಸಿ? ಅಣ್ಣನ ಹತ್ರ ಹೇಳಿ ಆಯ್ತಲ್ಲ. ನೀವು ಚಂದ ಮಾಡಿ ನಿಂತ್ಕೊಳ್ಳಿ.”

ಜಲಜಾಕ್ಷಿ ಹಿಂದೆ ಸರಿದು, ದೊಂದಿಯನ್ನು ಮತ್ತೆ ಮೇಲೆತ್ತಿ ಹಿಡಿದಳು.