ಔಟಾದವರ ದಿಮ್ಮಿ

"ಅಮ್ಮ, ನೀನು ಬೇಕಂತಲೇ ಔಟಾಗ್ತಿದೀಯ!"

ಕಾಡಿನ ನಡುವೆ ಉರುಳಿಬಿದ್ದಿದ್ದ ಮರದ ದಿಮ್ಮಿಯ ಮುಂದೆ ಮಗಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವಳ ಬೆನ್ನ ಹಿಂದೆ ಸಿಕ್ಕಿಸಿದ ಕೆಂಪು ರಿಬ್ಬನ್ನು ಬಾಲದ ಹಾಗೆ ಇಳಿಬಿದ್ದಿತ್ತು. ದಿಮ್ಮಿಯ ಮೇಲೆ ಕೂತಿದ್ದ ತಾಯಿಗೆ ಬಾಲವಿರಲಿಲ್ಲ. ಅವಳು ಉತ್ತರಿಸಲೂ ಇಲ್ಲ; ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

ರೂಲು ಮಗಳದೇ. ವಾರವಿಡೀ ಊಟದ ಹೊತ್ತಿಗೆ ಎಲ್ಲರ ತಲೆ ತಿಂದು ಮಾಡಿದ್ದು. ತಾಯಿ ಮಗಳು ಒಂದು ಟೀಮು, ಅಪ್ಪ ಮತ್ತು ಮಾಮ, ಅಂದರೆ ತಾಯಿಯ ತಮ್ಮ, ಇನ್ನೊಂದು. ಎಲ್ಲರೂ ಬೆನ್ನ ಹಿಂದೆ ರಿಬ್ಬನ್ನಿನ ಬಾಲ ಸಿಕ್ಕಿಸಿಕೊಳ್ಳಬೇಕು; ಅದನ್ನು ಎದುರಾಳಿ ಕಿತ್ತರೆ ಔಟ್. ಔಟಾದವರು ದಿಮ್ಮಿಯ ಮೇಲೆ ಕೂರಬೇಕು, ತುಟಿ ಪಿಟಕ್ಕೆನ್ನಬಾರದು, ಯಾರು ಎಲ್ಲಿ ಅಡಗಿದ್ದಾರೆಂದು ಸನ್ನೆಯಲ್ಲೂ ತೋರಿಸಬಾರದು. ಆಡುತ್ತಿರುವವರು ಅವರನ್ನು ಏನೂ ಕೇಳಬಾರದು. ಟೀಮಿನವರೆಲ್ಲ ಔಟಾದರೆ ಆ ಟೀಮು ಸೋತಂತೆ. ಟೈಂಪ್ಲೀಸ್ ಗೀಂಪ್ಲೀಸ್ ಇಲ್ಲ. ಸೋತವರು ಒಂದು ವಾರ ಪಾತ್ರೆ ತೊಳೆಯಬೇಕು. ಗೆದ್ದರೂ ತೊಳೆಯುವವಳು ನಾನೇ, ಇನ್ನು ಸೋತರೇನು ಅಂದುಕೊಂಡಿದ್ದಳು ತಾಯಿ. ಆದರೆ 'ಏನೂ ಕೇಳಬಾರದು' ಎಂಬ ಮಾತು ಕಿವಿಗೆ ಬಿದ್ದಾಗ ಮಾತ್ರ ಬಡಿಸುತ್ತಿದ್ದ ಸೌಟು ಅರ್ಧದಲ್ಲೇ ನಿಂತಿತ್ತು.

ಅವಳದು ಆಸ್ಪತ್ರೆಯ ವಿಚಾರಣೆ ಕಿಟಕಿಯ ಕೆಲಸ. ಎಕ್ಸ್‌ರೇ ಎಲ್ಲಿ, ಡಾಕ್ಟರು ಯಾವಾಗ ಬರ್ತಾರೆ, ಲಿಫ್ಟು ಯಾಕೆ ಕೆಟ್ಟಿದೆ, ಶೌಚಾಲಯ ಎಡಕ್ಕೋ ಬಲಕ್ಕೋ. ಗೋಡೆಯ ಮೇಲೆ ಬಾಣದ ಗುರುತು ಹಾಕಿ ಮೊಳದುದ್ದ ಅಕ್ಷರದಲ್ಲಿ ಬರೆದಿದ್ದರೂ ಜನ ಆ ಬಾಣದ ಕೆಳಗೇ ನಿಂತು ಕೇಳುತ್ತಾರೆ. ಸಂಜೆ ಮನೆಗೆ ಬಂದರೆ ಅಲ್ಲೂ ಅದೇ ಕಿಟಕಿ. ಸಾಕ್ಸ್ ಎಲ್ಲಿ, ಚಾರ್ಜರ್ ಎಲ್ಲಿ, ಮೂಗಿನ ಕೆಳಗೇ ಇರುವ ಉಪ್ಪಿನ ಡಬ್ಬಿ ಎಲ್ಲಿ.

ಹಾಗಾಗಿ ಇವತ್ತಿನ ಮೊದಲನೇ ಆಟದಲ್ಲಿ ಅವಳು ಕಾಲುದಾರಿಯ ನಟ್ಟನಡುವೆ ತಮ್ಮನಿಗೆ ಬೆನ್ನುಕೊಟ್ಟು ನಿಂತಳು. ಎರಡನೆಯದರಲ್ಲಿ ಗಂಡನನ್ನು ಹುಡುಕಿಕೊಂಡು ಹೋಗಿ ಬಾಲ ಒಪ್ಪಿಸಿ ಬಂದಳು. ಇದು ಮೂರನೆಯದು.

"ಸರಿ ಹಾಗಾದ್ರೆ, ಹೊಸ ರೂಲು!" ಮಗಳು ಕಾಡಿಗೆಲ್ಲ ಕೇಳುವಂತೆ ಕೂಗಿದಳು. "ನಮ್ಮ ಟೀಮಿನವರು ಮುಟ್ಟಿದ್ರೆ ಔಟಾದವರಿಗೆ ಜೀವ ಬರುತ್ತೆ!" ಜೇಬಿನಿಂದ ಇನ್ನೊಂದು ರಿಬ್ಬನ್ನು ತೆಗೆದು ತಾಯಿಗೆ ಸಿಕ್ಕಿಸಿ, ಭುಜಕ್ಕೆ ಪಟ್ಟೆಂದು ಹೊಡೆದಳು. "ಜೀವ ಬಂತು, ಏಳು."

ತಾಯಿ ಎದ್ದಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮರದ ಮರೆಯಿಂದ ತಮ್ಮ ಹಾರಿದ. "ಅಕ್ಕಾ, ನಿನ್ನ ಔಟ್ ಮಾಡಿ ಮಾಡಿ ನನಗೇ ಕೈನೋವು. ಸ್ವಲ್ಪ ಓಡ್ಬಾರದಾ?" ಎಂದು ರಿಬ್ಬನ್ನು ಕಿತ್ತುಕೊಂಡು ಪರಾರಿಯಾದ. ಅವಳು ದಿಮ್ಮಿಗೆ ಮರಳಿ ಇನ್ನೇನು ಕಣ್ಣು ಮುಚ್ಚಬೇಕು, ಏದುಸಿರು ಬಿಡುತ್ತ ಮಗಳು ಹಾಜರ್. ಮತ್ತೊಂದು ರಿಬ್ಬನ್ನು ಮಡಿಲಿಗೆ ಬಿತ್ತು, ಮತ್ತೊಂದು ಏಟು ಭುಜಕ್ಕೆ.

"ಏಳಮ್ಮಾ, ಜೀವ ಬಂತು!"

ಜೀವ ಬಂದವರು ಮಾತಾಡಬಹುದಿತ್ತು. ತಾಯಿ ಮಾತಾಡಿದಳು.

"ಯಾರಿಗೆ ಬೇಕೇ ಈ ಜೀವ! ಬೆಳಗ್ಗೆಯಿಂದ ಕಂಡಕಂಡೋರೆಲ್ಲ ಕೇಳ್ತಾರೆ, ಸಂಜೆಯಾದ್ರೆ ನೀವು ಶುರು ಹಚ್ಕೋತೀರಿ. ಇದೊಂದು ದಿಮ್ಮಿ ಮೇಲೆ ಕೂತ್ರೆ ಮಾತ್ರ ನನ್ನ ಯಾರೂ ಏನೂ ಕೇಳೋ ಹಾಗಿಲ್ಲ. ನೀನೇ ಮಾಡಿದ ರೂಲು. ಹತ್ತು ನಿಮಿಷ ಔಟಾಗಿರೋಕೆ ಬಿಡು ತಾಯಿ, ನಿನ್ನ ದಮ್ಮಯ್ಯ!"

ಮಗಳ ಕೆಳದುಟಿ ಮುಂದೆ ಬಂತು. ಶೂವಿನ ತುದಿಯಿಂದ ಒಣಗಿದೆಲೆಗಳನ್ನು ಕೆದಕುತ್ತ ಅಂದಳು: "ನಾನೇನು ಪಾತ್ರೆ ತಪ್ಪಿಸ್ಕೊಳ್ಳೋಕೆ ಎಬ್ಬಿಸ್ತಿಲ್ಲ. ಗೆಲ್ಲೋದೇ ಆಗಿದ್ರೆ ಮಾಮನ್ನ ನನ್ನ ಟೀಮಿಗೆ ಹಾಕ್ಕೋತಿದ್ದೆ. ನೀನು ನನ್ನ ಜೊತೆ ಇರ್ತೀಯ ಅಂತ ಈ ಆಟ ಮಾಡಿದ್ದು."

ತಾಯಿ ಮಂಡಿಗೆ ಕೈಯೂರಿ, "ಸರಿ, ನಡಿ" ಎಂದು ಏಳಹೊರಟಳು.

ಅಷ್ಟರಲ್ಲಿ ಮಗಳು ಕೈ ಹಿಂದೆ ಮಾಡಿ ತನ್ನ ಬಾಲವನ್ನು ತಾನೇ ಕಿತ್ತಳು. ತಾಯಿಯ ಮಡಿಲಲ್ಲಿದ್ದ ರಿಬ್ಬನ್ನಿನ ಜೊತೆ ಅದನ್ನೂ ಸುರುಳಿ ಸುತ್ತಿ ಜೇಬಿಗೆ ತುರುಕಿ, ದಿಮ್ಮಿ ಹತ್ತಿ ಒತ್ತಿಕೊಂಡು ಕೂತಳು.

"ಇದೇನೇ? ಇಬ್ಬರೂ ಔಟಾದ್ರೆ ಅವರು ಗೆದ್ದ ಹಾಗಲ್ವಾ?"

"ಗೆದ್ದಿದ್ದು ಅವರಿಗೆ ಗೊತ್ತಾಗ್ಬೇಕಲ್ಲ. ಔಟಾದವರು ಹೇಳೋ ಹಾಗಿಲ್ಲ," ಎಂದು ಪಿಸುಗುಟ್ಟಿ ಮಗಳು ಬಾಯಿ ಮುಚ್ಚಿಕೊಂಡಳು.

ದೂರದಲ್ಲಿ ಮುಳ್ಳುಕಂಟಿಗಳ ನಡುವೆ ಇಬ್ಬರು ದೊಡ್ಡ ಗಂಡಸರು ಹೊಟ್ಟೆಯ ಮೇಲೆ ತೆವಳುತ್ತ, ಇಲ್ಲದ ಎದುರಾಳಿಗೆ ಹೊಂಚು ಹಾಕುತ್ತಿದ್ದರು. ಮಗಳ ತಲೆ ಮೆಲ್ಲಗೆ ತಾಯಿಯ ತೋಳಿಗೆ ವಾಲಿತು. ಯಾರೂ ಏನೂ ಕೇಳಲಿಲ್ಲ. ಎಲ್ಲೋ ಒಂದು ಹಕ್ಕಿ ಮರದ ತೊಗಟೆ ಕುಕ್ಕುತ್ತಿತ್ತು.

"ಏನೇ, ನೀರಿನ ಬಾಟ್ಲಿ ಎಲ್ಲಿಟ್ಟಿದೀಯ?" ಪೊದೆಯೊಳಗಿಂದ ಗಂಡನ ಕೂಗು ಬಂತು.

ಬಾಟಲಿ ಅವನ ಬೆನ್ನಿಗೆ ತೂಗುಹಾಕಿಕೊಂಡಿದ್ದ ಚೀಲದಲ್ಲೇ ಇತ್ತು. ತಾಯಿಯ ಬಾಯಿ ಎಂದಿನ ರೂಢಿಯಂತೆ ತಂತಾನೇ ತೆರೆಯಿತು. ಪಕ್ಕದಿಂದ ಮಣ್ಣು ಮೆತ್ತಿದ ಪುಟ್ಟ ಅಂಗೈಯೊಂದು ಮೇಲೆದ್ದು, ಅದನ್ನು ಗಟ್ಟಿಯಾಗಿ ಮುಚ್ಚಿ ಹಿಡಿಯಿತು.