ಅಲಮೇಲಮ್ಮನವರ ಸರದಿ

“ಎಲ್ಲಾನೂ ಒಂದೇ ಡಿಸ್ಕಲ್ಲಿ ಇಟ್ಬುಟ್ಟೆನಾ?” ಮಾಲವಿಕಾ ಖಾಲಿ ಕೋಣೆಯನ್ನು ಕೇಳಿದಳು. ಯಾದವಗಿರಿಯ ಗಮಕ ಸಂಘದ ಧ್ವನಿಮುದ್ರಣಗಳನ್ನು ನೋಡಿಕೊಳ್ಳುತ್ತಿದ್ದವಳು ಅವಳೇ; ಅದೇ ಡಿಸ್ಕಿನೊಳಗೆ ಉಳಿಯುವ ಸ್ನ್ಯಾಪ್‌ಶಾಟ್ ನಕಲನ್ನು ದಿನವೂ ತೆಗೆದಿದ್ದಳು. ಅಷ್ಟೇ ಸಾಕೆಂದು ನಂಬಿ, ಒಂದನ್ನೂ ಕ್ಲೌಡ್‌ಗೆ ಕಳಿಸಿರಲಿಲ್ಲ. ಡಿಸ್ಕ್ ಸುಟ್ಟುಹೋದಾಗ ಸ್ನ್ಯಾಪ್‌ಶಾಟ್‌ಗಳೂ ಅದರೊಡನೆ ಹೋದವು.

ಅಷ್ಟರಲ್ಲಿ ವಾಗೀಶರು ಬಂದರು. ಅವರು ಪದ್ಯ ಓದುವುದು, ಎಡಕ್ಕೆ ಕೂತು ಹೆಂಡತಿ ಅಲಮೇಲಮ್ಮ ಅರ್ಥ ಹೇಳುವುದು, ಇಬ್ಬರಿಗೂ ಒಂದೇ ಮೈಕು. ಮೂವತ್ತು ವರ್ಷ ಹಾಗೇ ನಡೆದಿತ್ತು. ಆಕೆ ತೀರಿಕೊಂಡು ತಿಂಗಳಾಗಿತ್ತು.

“ಅವಳ ದನಿ ಒಂದ್ಸಲ ಕೇಳಿಸಮ್ಮ.”

ಮಾಲವಿಕಾ ತಲೆತಗ್ಗಿಸಿ ನಡೆದದ್ದನ್ನು ಹೇಳಿದಳು. “ನಿಮ್ಮ ವಾಚನವನ್ನಾದ್ರೂ ಮತ್ತೆ ರೆಕಾರ್ಡ್ ಮಾಡ್ಕೋತೀನಿ ಸಾರ್.”

ವಾಗೀಶರು ಮೈಕಿನ ಮುಂದೆ ಕೂತು ಒಂದು ಪದ್ಯ ಓದಿದರು. ಓದಿ ಮುಗಿಸಿ, ಅಭ್ಯಾಸದಂತೆ ಮೈಕನ್ನು ಎಡಕ್ಕೆ ಸರಿಸಿ ಕಾದರು.

“ಮುಂದಿನದು ಓದಿ ಸಾರ್.”

“ಇಲ್ಲ ಕಣಮ್ಮ. ಇನ್ನು ಓದಲ್ಲ.”